ತಾಬೋರಿನವರನ್ನು ಯಾನ್ ಹುಸ್‌ನ ಅನುಯಾಯಿಗಳೆನ್ನಬಹುದೇ?

ಮಲೆನಾಡಿಗ: ಪ್ರಾಗ್ ನಗರದ ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ 1402ರಿಂದ ಚೆಕ್ ಭಾಷೆಯಲ್ಲಿ ಉಪದೇಶಿಸುತ್ತಿದ್ದ ಧರ್ಮಸುಧಾರಕ ಪಾದ್ರಿ ಹುಸ್, 1412ರಲ್ಲಿ ಪಾಪಕ್ಷಮಾಪತ್ರಗಳ ಮಾರಾಟವನ್ನು ಎದುರಿಸಿದ್ದು ಮಾತು ಮತ್ತು ಬರಹಗಳಿಂದಲೇ. ಆತನ ಹೆಸರು ಹೇಳಿಕೊಂಡು ಮಠಗಳಿಗೆ ಬೆಂಕಿಯಿಟ್ಟ ತಾಬೋರಿನವರನ್ನು, ಅಂದರೆ ತಾಬೋರ್ ಊರಿನಲ್ಲಿ ನೆಲೆಸಿದ ಉಗ್ರ ಬಣದವರನ್ನು, ಆತನ ಅನುಯಾಯಿಗಳೆನ್ನುವುದು ಸರಿಯಲ್ಲ. ಅವರ ಧ್ವಜದ ಮೇಲಿದ್ದ ಪಾನಪಾತ್ರೆಯೂ ಹುಸ್‌ನ ಕೊಡುಗೆಯಲ್ಲ. ಪಾದ್ರಿಗಳಿಗಷ್ಟೇ ಸಲ್ಲುತ್ತಿದ್ದ ಪರಮಪ್ರಸಾದದ ದ್ರಾಕ್ಷಾರಸವನ್ನು ಆ ಪಾತ್ರೆಯಿಂದ ಸಾಮಾನ್ಯ ಭಕ್ತರಿಗೂ ಕೊಡುವ ಪದ್ಧತಿಗೆ 1414ರಲ್ಲಿ ಮುಂದಾದವನು ಆತನ ಒಡನಾಡಿ ಯಾಕೌಬೆಕ್.

ವಸುಧಾ: ಪದ್ಧತಿ ಯಾಕೌಬೆಕ್‌ನದು, ಒಪ್ಪಿದೆ. ಆದರೆ 1415ರ ಜೂನ್‌ನಲ್ಲಿ ಕಾನ್‌ಸ್ಟನ್ಸ್ ಊರಿನಲ್ಲಿ ಸೇರಿದ್ದ ಚರ್ಚಿನ ಮಹಾಸಭೆ ಅದನ್ನು ನಿಷೇಧಿಸಿದಾಗ, ಅದೇ ಊರಿನ ಸೆರೆಯಲ್ಲಿದ್ದ ಹುಸ್, ಬೆತ್ಲೆಹೆಮ್ ಮಂದಿರದ ಉಪದೇಶಕ ಹಾವ್ಲಿಕ್‌ಗೆ ಪತ್ರ ಬರೆದು ಪಾನಪಾತ್ರೆಯನ್ನು ವಿರೋಧಿಸಬೇಡವೆಂದು ತಿಳಿಸಿದ. ಮುಂದಿನ ಜುಲೈ 6ರಂದು, ದೆವ್ವಗಳ ಚಿತ್ರ ಬರೆದ ಕಾಗದದ ಟೊಪ್ಪಿಗೆ ತೊಡಿಸಿ ಆತನನ್ನು ಸುಟ್ಟು, ಬೂದಿಯನ್ನು ರೈನ್ ನದಿಗೆ ಸುರಿದರು. ಆತನಿಗೆ ಅಭಯಪತ್ರ ಕೊಟ್ಟಿದ್ದ ಜರ್ಮನಿಯ ದೊರೆ ಸಿಗಿಸ್ಮಂಡ್‌ನೇ 1420ರಲ್ಲಿ ಧರ್ಮಯುದ್ಧದ ಸೈನ್ಯದೊಂದಿಗೆ ಪ್ರಾಗ್ ಮುತ್ತಿದ. ಇಂಥ ದೊರೆಯ ಮುಂದೆ ಜನರು ಕೈಕಟ್ಟಿ ನಿಲ್ಲಬೇಕಿತ್ತೇ?

ಮಲೆನಾಡಿಗ: ಪ್ರಾಗ್‌ನ ವಿತ್ಕೋವ್ ಗುಡ್ಡದ ಮೇಲೆ ತಾಬೋರಿನವರ ಸೇನಾನಿ ಝಿಷ್ಕಾ ಆ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಆತ್ಮರಕ್ಷಣೆ. ಆದರೆ 1421ರಲ್ಲಿ, ಪರಮಪ್ರಸಾದದಲ್ಲಿ ಕ್ರಿಸ್ತನ ಸಾಕ್ಷಾತ್ ಸಾನ್ನಿಧ್ಯವನ್ನು ಒಪ್ಪದ ಪಿಕಾರ್ತರನ್ನು ಅದೇ ಝಿಷ್ಕಾ ಸುಡಿಸಿದ್ದು ಯಾವ ರಕ್ಷಣೆ? ತನ್ನ ಮಾತನ್ನು ಹಿಂತೆಗೆದುಕೊಳ್ಳದೆ ಚಿತೆಯೇರಿದವನ ಶಿಷ್ಯರೇ ಇತರರಿಗೆ ಚಿತೆ ಒಟ್ಟಿದರಲ್ಲ!

ಹಳೆಯ ಓದುಗ: ಹುಸ್‌ನ ಪಂಥದವರಾದ ಹುಸ್ಸೈಟರೆಂದರೆ ತಾಬೋರಿನವರು ಮಾತ್ರವೆಂಬಂತೆ ನೀವಿಬ್ಬರೂ ವಾದಿಸುತ್ತಿದ್ದೀರಿ. 1420ರ ಪ್ರಾಗ್‌ನ ನಾಲ್ಕು ಸೂತ್ರಗಳು, ಅಂದರೆ ಉಪದೇಶದ ಸ್ವಾತಂತ್ರ್ಯ, ಎಲ್ಲರಿಗೂ ಪಾನಪಾತ್ರೆ, ಪಾದ್ರಿಗಳ ಲೌಕಿಕ ಆಸ್ತಿಗೆ ಕೊನೆ ಮತ್ತು ಬಹಿರಂಗ ಪಾಪಗಳಿಗೆ ಶಿಕ್ಷೆ, ಎಲ್ಲ ಬಣಗಳಿಗೂ ಒಪ್ಪಿಗೆಯಾಗಿದ್ದವು. ಜಗಳವಿದ್ದದ್ದು ಅದರಾಚೆಗೆ ಎಷ್ಟು ದೂರ ಹೋಗಬೇಕೆಂಬುದರಲ್ಲಿ. ತಾಬೋರಿನಲ್ಲಿ ಮೊದಲು ಬಂದವರು ತಮ್ಮ ಹಣವನ್ನೆಲ್ಲ ಊರಿನ ಸಾಮೂಹಿಕ ಪೀಪಾಯಿಗಳಿಗೆ ಹಾಕಿದರು, ಇನ್ನು ಗೇಣಿಯೇ ಇರದೆಂದು ಸಾರಿದರು. ಅದೇ ವರ್ಷ ಚಳಿಗಾಲ ಬರುವ ಮುನ್ನ ಸುತ್ತಲಿನ ರೈತರಿಂದ ತಾವೇ ಗೇಣಿ ವಸೂಲಿಗೆ ಇಳಿದರು. ನನಗೆ ಬೆಂಕಿಗಿಂತಲೂ ಇದೇ ದೊಡ್ಡ ದ್ರೋಹವೆನಿಸುತ್ತದೆ. ಕೊನೆಗೆ 1434ರಲ್ಲಿ ಲಿಪಾನಿಯಲ್ಲಿ ಅವರನ್ನು ಸೋಲಿಸಿದ ಸೈನ್ಯದಲ್ಲಿ ಕ್ಯಾಥೊಲಿಕರ ಜೊತೆ ಸೌಮ್ಯ ಹುಸ್ಸೈಟರೂ ಇದ್ದರು, ಮತ್ತು 1436ರಲ್ಲಿ ಯಿಹ್ಲಾವಾದಲ್ಲಿ ಪಾನಪಾತ್ರೆಗೆ ಅಧಿಕೃತ ಮನ್ನಣೆ ಪಡೆದವರೂ ಆ ಸೌಮ್ಯರೇ.

ಮಲೆನಾಡಿಗ: ಹಾಗಾದರೆ ಕತ್ತಿಯನ್ನೇ ತಿರಸ್ಕರಿಸಿದ ಪೇತ್ರ್ ಹೆಲ್ಚಿಟ್ಸ್ಕಿಯನ್ನೂ, ಆತನ ವಿಚಾರಗಳಿಂದ ಪ್ರೇರಿತರಾಗಿ 1457ರಲ್ಲಿ ಕುನ್‌ವಾಲ್ಡ್‌ನಲ್ಲಿ ಸೋದರರ ಒಕ್ಕೂಟ ಕಟ್ಟಿದವರನ್ನೂ ಹುಸ್‌ನ ನಿಜವಾದ ವಾರಸುದಾರರೆನ್ನಬೇಕು.

ವಸುಧಾ: ಹೆಲ್ಚಿಟ್ಸ್ಕಿಯ ಮೇಲೆ ನನಗೂ ಗೌರವವಿದೆ. ಆದರೆ ಯುದ್ಧದ ವಿಷಯದಲ್ಲಿ ಆತ ಪ್ರಾಗ್‌ನಲ್ಲಿ ವಾದಕ್ಕಿಳಿದದ್ದು ಯಾರೊಂದಿಗೆ? ಯಾಕೌಬೆಕ್‌ನೊಂದಿಗೆ. ಸತ್ಯದ ರಕ್ಷಣೆಗಾಗಿ ಆಯುಧ ಹಿಡಿಯಬಹುದೆಂದು ಒಪ್ಪಿದ ಆ ಯಾಕೌಬೆಕ್ ತಾಬೋರಿನವನಲ್ಲ, ಹುಸ್‌ನ ಕಾಲಾನಂತರ ಬೆತ್ಲೆಹೆಮ್ ಮಂದಿರದ ಅದೇ ವೇದಿಕೆಯಿಂದ ಉಪದೇಶಿಸಿದವನು.