ಅಪ್‌ಡೇಟ್: ಆ ಕಾದಂಬರಿ ಸಿಕ್ತು, ಓದಿಯೂ ಆಯ್ತು

ಕುಡುಕ ಗಂಡನನ್ನು ಬಿಟ್ಟು ಮಗನ ಜೊತೆ ಓಡಿಹೋಗಿ, ಚಿತ್ರ ಬರೆದು ಬದುಕುವ ಹೆಂಗಸಿನ ಹಳೇ ಇಂಗ್ಲಿಷ್ ಕಾದಂಬರಿ ಯಾವುದು ಅಂತ ಕೇಳಿದ್ದೆನಲ್ಲ, ಅದು ಆನ್ ಬ್ರಾಂಟೆಯ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’, 1848ರದ್ದು. ಹೆಸರು ಹೇಳಿದವರಿಗೆ ಥ್ಯಾಂಕ್ಸ್.

ಮೊದಲ ಭಾಗ ಸ್ವಲ್ಪ ಎಳೆದಾಟ, ಊರವರ ಗುಸುಗುಸುವೇ ಜಾಸ್ತಿ. ಆ ಹೆಂಗಸು, ಅಂದ್ರೆ ಹೆಲೆನ್‌ಳ ಡೈರಿ ಶುರುವಾದ ಮೇಲೆ ಮಾತ್ರ ಕೆಳಗಿಡೋಕೆ ಆಗಲಿಲ್ಲ. ಗಂಡ ಪುಟ್ಟ ಮಗನಿಗೇ ವೈನ್ ಕುಡಿಯೋದು, ಬೈಯೋದು ಕಲಿಸ್ತಾನೆ. ಅವಳು ಹೊರಡುವ ತಯಾರಿಯಲ್ಲಿದ್ದಾಳೆ ಅಂತ ಡೈರಿ ಕಿತ್ತುಕೊಂಡು ಓದಿ ತಿಳಿದವನೇ ಬಣ್ಣ, ಕುಂಚ ಎಲ್ಲ ಬೆಂಕಿಗೆ ಹಾಕ್ತಾನೆ. ನನಗೆ ಮೈ ಉರಿದಿದ್ದೇ ಅಲ್ಲಿ. ಅವಳ ಸಂಪಾದನೆಯ ದಾರಿ ಅದೊಂದೇ ಇದ್ದದ್ದು! ತಪ್ಪಿಸಿಕೊಂಡ ಮೇಲೂ ಚಿತ್ರಗಳ ಮೇಲೆ ಸುಳ್ಳು ಊರು, ಸುಳ್ಳು ಇನಿಷಿಯಲ್ ಹಾಕಿ ಲಂಡನ್ನಿಗೆ ಮಾರಾಟಕ್ಕೆ ಕಳಿಸ್ತಾಳೆ.

‘ಕೋರ್ಟಿಗೆ ಹೋಗಬಹುದಿತ್ತಲ್ಲ’ ಅಂತ ಒಬ್ಬರು ಕೇಳಿದ್ದರು. ಹೋಗಿ ಏನು ಮಾಡೋದು? ಕಥೆ ನಡೆಯೋದು 1820ರ ದಶಕದಲ್ಲಿ. ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳನ್ನು ತನಗೆ ಕೊಡಿ ಅಂತ ತಾಯಿ ಅರ್ಜಿ ಹಾಕೋಕೆ ದಾರಿಯಾದದ್ದೇ 1839ರ ಕಾಯ್ದೆಯಿಂದ. ಹೆಂಡತಿ ದುಡಿದ ದುಡ್ಡು 1870ರವರೆಗೂ ಗಂಡನದೇ.

(ಕಾದಂಬರಿಯನ್ನು ಇನ್ನು ಮುಂದೆ ಓದಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ, ಕೊನೆ ಹೇಳ್ತಿದ್ದೇನೆ.) ಗಂಡ ಹಾಸಿಗೆ ಹಿಡಿದಾಗ ಆರೈಕೆಗೆ ಅಂತ ವಾಪಸ್ ಹೋಗ್ತಾಳೆ. ನನಗದು ಒಪ್ಪಿಗೆಯಾಗಲಿಲ್ಲ. ಆದರೆ ಹೆಂಗಸು ಗಟ್ಟಿ: ಮಗ ತನ್ನ ಸುಪರ್ದಿಯಲ್ಲೇ ಇರಬೇಕು ಅಂತ ಕಾಗದದ ಮೇಲೆ ಸಹಿ ಹಾಕಿಸಿಕೊಂಡೇ ಅಪ್ಪನಿಗೆ ಮಗನ ಮುಖ ತೋರಿಸೋದು.