ಹಳೇ ಎಸ್ಕಲೇಟರ್: ಟ್ರಸ್ (ಭಾರ ಹೊರೋ ಉಕ್ಕಿನ ಚೌಕಟ್ಟು) ಬಿಟ್ಟು ಒಳಗಿಂದಷ್ಟೇ ಬದಲಿಸ್ಲಿಕ್ಕೆ ಬರ್ತದೇನ್ರಿ?

ಅಂಗಡಿ_ಮೇಂಟೆನೆನ್ಸ್ (ಕಲಬುರಗಿ):
ನಮಸ್ಕಾರ್ರಿ. ಸೂಪರ್ ಮಾರ್ಕೆಟ್ ಕಡೆ ಮೂರಂತಸ್ತಿನ ಬಟ್ಟೆ ಅಂಗಡಿ. 18 ವರ್ಷದ ಜೋಡಿ ಎಸ್ಕಲೇಟರ್ ಅವ: ಎತ್ತರ 4.5 ಮೀಟರ್, 30 ಡಿಗ್ರಿ, ಮೆಟ್ಟಿಲಗಲ 1000 ಮಿ.ಮೀ., ವೇಗ ಸೆಕೆಂಡಿಗೆ 0.5 ಮೀಟರ್. ಹ್ಯಾಂಡ್‌ರೇಲ್ ಹಿಂದ ಬೀಳ್ತದ, ಕೆಳಗ ತಿರುಗೋ ಕಡೆ ಖಟ್ ಖಟ್ ಸಪ್ಪಳ ಬರ್ತದ, ಬಾಚಣಿಗೆಯ (ಮೆಟ್ಟಿಲು ಒಳಗ ಹೋಗೋ ತುದಿಯ ಹಲ್ಲಿನ ಪಟ್ಟಿ) ಹಲ್ಲು ತಿಂಗಳಿಗೊಮ್ಮೆ ಮುರಿತಾವ. ಕಂಟ್ರೋಲರ್ ಹಳೇ ರಿಲೇ (ವಿದ್ಯುತ್ ಸ್ವಿಚ್) ನಮೂನಿದ್ದು, ಬಿಡಿಭಾಗ ಸಿಗವಲ್ವು. ಮುಂದ ಗಾಜಿನ ಗೋಡೆ ಆಗ್ಯಾದ, ಇಡೀ ಟ್ರಸ್ ಹೊರಗ ತೆಗಿಲಿಕ್ಕೆ ದಾರಿ ಇಲ್ಲ. ಆಷಾಢದಾಗ ಕೆಲಸ ಮುಗಿಸಬೇಕು. ಏನು ಮಾಡೋದು?

ಟ್ರಸ್_ಮತ್ತು_ಚೈನು:
ಬರ್ತದ್ರಿ. ದೊಡ್ಡ ವಿಮಾನ ನಿಲ್ದಾಣ, ಮೆಟ್ರೋದಾಗ ಕಟ್ಟಡ ಒಡೆಯೋ ಹಂಗಿಲ್ಲದ ಕಡೆ ಇದೇ ಪದ್ಧತಿ: ಟ್ರಸ್ ಅಲ್ಲೇ ಉಳೀತದ. ಮೆಟ್ಟಿಲು, ಚೈನು, ಹಳಿ, ಮೋಟಾರು, ಬ್ರೇಕು, ವೈರಿಂಗು, ಗಾಜು, ಹ್ಯಾಂಡ್‌ರೇಲ್ ಎಲ್ಲಾ ಹೊಸದು, ತುಂಡು ತುಂಡಾಗಿ ಒಳಗ ತಂದು ಜೋಡಿಸ್ತಾರ. ಒಂದಕ್ಕ ಸಾಧಾರಣ ನಾಲ್ಕರಿಂದ ಆರು ವಾರ ಹಿಡಿತದ. ಆಷಾಢ ಒಂದೇ ತಿಂಗಳು. ಎರಡೂ ಮುಗೀತಾವ ಅಂತ ಮಾಲಕರಿಗೆ ಮಾತು ಕೊಡಬ್ಯಾಡ್ರಿ.

ಮೊದಲು ಟ್ರಸ್ ಪಾಸ್ ಆಗಬೇಕು. ನಿಮ್ಮ ಅಳತಿಗೆ ಇಳಿಜಾರಿನ ಅಡ್ಡ ಉದ್ದ 7.8 ಮೀಟರ್, ಎರಡೂ ತುದಿ ಸೇರಿಸಿದ್ರ ಸುಮಾರು 12.5. ಅಂಗಡಿ ಎಸ್ಕಲೇಟರಿಗೆ ಪೂರ್ತಿ ಭಾರದಾಗ ಬಾಗೋದು ಉದ್ದದ 750ನೇ ಒಂದು ಭಾಗ ಮೀರಬಾರದು, ಅಂದ್ರ ಸುಮಾರು 16.7 ಮಿ.ಮೀ. ಕೆಳಗಿನ ಪಿಟ್ (ಕೆಳತುದಿಯ ಗುಂಡಿ) ಪೂರಾ ಖಾಲಿ ಮಾಡಿಸಿ, ಎಣ್ಣೆ ಕೆಸರು ಕೆರೆಸಿ, ವೆಲ್ಡಿಂಗ್ ಬಿರುಕು, ಆಧಾರದ ಆ್ಯಂಗಲ್ ತುಕ್ಕು ನೋಡ್ರಿ. ಮೇಲಿಂದ ಬಣ್ಣ ಹಚ್ಚಿದ್ದು ನೋಡಿ ಒಪ್ಪಬ್ಯಾಡ್ರಿ.

ಚೈನಷ್ಟೇ ಬದಲಿಸೋಣ ಅಂತ ಯಾರಾದ್ರೂ ಕಡಿಮೆ ಕೊಟೇಶನ್ ತಂದ್ರ ಬ್ಯಾಡ ಅನ್ರಿ. ಚೈನು ಜಗ್ಗಿದಾಗ ಸ್ಪ್ರಾಕೆಟ್ (ಚೈನು ಎಳೆಯೋ ಹಲ್ಲಿನ ಚಕ್ರ) ಹಲ್ಲೂ ಕೊಕ್ಕೆ ಆಗಿರ್ತಾವ, ಹೊಸ ಚೈನನ್ನ ಅದು ಬೇಗ ತಿಂತದ. ಎಡ ಬಲ ಎರಡೂ ಜೋಡಿಯಾಗೇ ಹಾಕಬೇಕು. ಒಂದೇ ಹಾಕಿದ್ರ ಮೆಟ್ಟಿಲು ಸೊಟ್ಟ ನಡೆದು ಪಕ್ಕದ ಹಲಗೆಗೆ ಉಜ್ಜತದ. ನಿಮ್ಮ ಬಾಚಣಿಗೆ ಹಲ್ಲು ಮುರಿಯೋದಕ್ಕೂ ಇದೇ ಕಾರಣ ಇರಬಹುದು.

ಸುರಕ್ಷತಾ_ತಪಾಸಣೆ:
ಮೇಲಿನವರ ಮಾತು ಸರಿ. ಕೆಲಸ ಶುರುವಾಗುವವರೆಗೂ ಜನ ಇದರ ಮೇಲೆಯೇ ಓಡಾಡುತ್ತಾರೆ, ಆದ್ದರಿಂದ ಇವತ್ತೇ ಅಳೆಯಿರಿ. ಪಕ್ಕದ ಹಲಗೆ ಮತ್ತು ಮೆಟ್ಟಿಲ ನಡುವೆ ಒಂದು ಬದಿ 4 ಮಿ.ಮೀ., ಎರಡೂ ಬದಿ ಸೇರಿ 7 ಮಿ.ಮೀ. ಮೀರಬಾರದು. ಎರಡು ಮೆಟ್ಟಿಲ ನಡುವೆ 6 ಮಿ.ಮೀ. ಮಿತಿ. ಸೀರೆಯ ಸೆರಗು, ಮಕ್ಕಳ ಮೆತ್ತನೆ ರಬ್ಬರ್ ಚಪ್ಪಲಿ ಸಿಕ್ಕಿಕೊಳ್ಳುವುದು ಈ ಸಂದುಗಳಲ್ಲೇ.

ಹ್ಯಾಂಡ್‌ರೇಲಿಗೂ ಮೆಟ್ಟಿಲಿಗೂ ಒಂದೇ ನೇರಕ್ಕೆ ಸುಣ್ಣದ ಗುರುತು ಹಾಕಿ ಓಡಿಸಿ. 9 ಮೀಟರ್ ಇಳಿಜಾರಿನಲ್ಲಿ ರೇಲು 18 ಸೆಂ.ಮೀ. ವರೆಗೆ ಮುಂದೆ ಹೋಗಬಹುದು, ಹಿಂದೆ ಬೀಳಬಾರದು. ಹಿಂದೆ ಬಿದ್ದರೆ ಹಿರಿಯರು ಹಿಮ್ಮುಖವಾಗಿ ಬೀಳುತ್ತಾರೆ. ಖಾಲಿ ಓಡುವಾಗ ಬ್ರೇಕು 20 ಸೆಂ.ಮೀ. ನಿಂದ 1 ಮೀಟರಿನೊಳಗೆ ನಿಲ್ಲಿಸಬೇಕು. ಯಾವುದಾದರೂ ಒಂದು ತಪ್ಪಿದರೂ ಆ ಎಸ್ಕಲೇಟರ್ ಮುಚ್ಚಿಬಿಡಿ. ನಿಂತದ್ದನ್ನು ಮೆಟ್ಟಿಲಾಗಿ ಬಳಸಲು ಬಿಡಬೇಡಿ: ತುದಿಗಳಲ್ಲಿ ಮೆಟ್ಟಿಲೆತ್ತರ ಬದಲಾಗುತ್ತದೆ, ಜನ ಮುಗ್ಗರಿಸುತ್ತಾರೆ.

ಕಾಗದಪತ್ರಕ್ಕೆ ಕರ್ನಾಟಕದ 2012ರ ಲಿಫ್ಟ್, ಎಸ್ಕಲೇಟರ್ ಕಾಯ್ದೆ ಅನ್ವಯ. ಆರ್ಡರ್ ಕೊಡುವ ಮೊದಲೇ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಹೋಗಿ ವಿಚಾರಿಸಿ.

ಅಂಗಡಿ_ಮೇಂಟೆನೆನ್ಸ್:
ಬಾಳ ಉಪಕಾರ ಆಯ್ತ್ರಿ. ಸುಣ್ಣದ ಗುರುತು ಹಾಕಿ ನೋಡಿದ್ವಿ: ಇಳಿಯೋದು 25 ಸೆಂ.ಮೀ. ಹಿಂದ, ಅದನ್ನ ಬಂದ್ ಮಾಡೀವಿ. ಇನ್ನೊಂದು ಪ್ರಶ್ನೆ: ಹೊಸದು ಹಾಕಿದ ಮ್ಯಾಲೆ ನಮ್ಮ ಧೂಳಿಗೆ ಏನು ಮಾಡೋದು?

ಟ್ರಸ್_ಮತ್ತು_ಚೈನು:
ಚಲೋ ಮಾಡಿದ್ರಿ. ನಮ್ಮ ಕಡೆ ಸಿಮೆಂಟು, ಶಹಾಬಾದ್ ಕಲ್ಲಿನ ಧೂಳು ಎಣ್ಣೆಗೆ ಕೂಡಿದ್ರ ಸಾಣೆ ಹಿಡಿಯೋ ಪೇಸ್ಟ್ ಆಗ್ತದ. ಅದಕ್ಕ ಆಟೋ ಆಯಿಲರಿನಿಂದ (ತಾನೇ ಎಣ್ಣೆ ಬಿಡೋ ಸಾಧನ) ಕಂಪನಿ ಹೇಳಿದಷ್ಟೇ ಎಣ್ಣೆ ಬಿಡ್ರಿ. ಹೆಚ್ಚು ಎಣ್ಣೆ ಹಾಕಿದ್ರ ಚೈನು ಬಾಳ ಬರ್ತದ ಅನ್ನೋದು ತಪ್ಪು. ಎಣ್ಣೆ ತಟ್ಟೆ ತಿಂಗಳಿಗೊಮ್ಮೆ ಒರೆಸ್ರಿ. ಒಂದು ಎಸ್ಕಲೇಟರಿಗೆ 65-70 ಮೆಟ್ಟಿಲು, ಪ್ರತಿಯೊಂದಕ್ಕೂ ಹಿಂದಿನ ರೋಲರ್ ಎರಡು, ಆದ್ದರಿಂದ ಹತ್ತು ರೋಲರ್, ಎರಡು ಸೆಟ್ ಬಾಚಣಿಗೆ ಅಂಗಡ್ಯಾಗ ಇರ್ಲಿ. ಬಾಗಿಲಲ್ಲಿ ಉದ್ದನ್ನ ಮ್ಯಾಟ್ ಹಾಸ್ರಿ. ನೆಲ ಒರೆಸುವವರಿಗೆ ಎಸ್ಕಲೇಟರ್ ಬಾಯಿ ಹತ್ರ ನೀರು ಸುರಿಬ್ಯಾಡ್ರಿ ಅಂತ ತಪ್ಪದೆ ಹೇಳ್ರಿ, ಆ ನೀರು ಸೀದಾ ಪಿಟ್ಟಿಗೆ ಇಳಿದು ಟ್ರಸ್ ತುಕ್ಕು ಹಿಡಿಸ್ತದ.