ಪದ್ಮಿನಿಯ ಹಿಂದಿನ ಚಕ್ರದಲ್ಲಿ ಎಣ್ಣೆ ಸೋರಿಕೆ: ಆಕ್ಸಲ್ ಸೀಲ್ ಹಾಕಿಸಿದವರು ಅನುಭವ ಹೇಳಿ

ಮೈಸೂರು ಪದ್ಮಿನಿ:
ನಮ್ಮ ತಂದೆಯವರ 1986ರ ಪ್ರೀಮಿಯರ್ ಪದ್ಮಿನಿ. ಎಡಗಡೆ ಹಿಂದಿನ ಟೈರಿನ ಒಳಮೈಯಲ್ಲಿ ಎಣ್ಣೆ ಇಳಿದ ಗೆರೆ ಕಾಣಿಸುತ್ತಿದೆ. ವಾರಕ್ಕೊಮ್ಮೆ ಮಾತ್ರ ಗಾಡಿ ತೆಗೆಯುತ್ತೇನೆ. ನಿಲ್ಲಿಸುವ ಜಾಗ ಎಡಕ್ಕೆ ಸ್ವಲ್ಪ ಇಳಿಜಾರು. ಮೇಸ್ತ್ರಿ ನೋಡಿದ ಕೂಡಲೇ ಸೀಲ್ (ಆಕ್ಸಲ್ ಒಳಗಿನ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ ಎಂದರು. ಬಿಚ್ಚಿಸುವ ಮೊದಲು ಏನೇನು ನೋಡಬೇಕು?

ತುಮಕೂರು ಫಿಯಟ್:
ಸೀಲ್ ಅಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದೇ ಚಕ್ರಕ್ಕೆ ಮೂರು ಸಲ ಹಾಕಿಸಿದವನು ನಾನು. ಮೊದಲ ಸಲ ಸೀಲಿಗೆ 220, ಕೂಲಿ 1,500, ಎಣ್ಣೆ ಕುಡಿದ ಬ್ರೇಕ್ ಲೈನರ್ ಬದಲಿಸಲು 900. ಇಪ್ಪತ್ತೇ ದಿನಕ್ಕೆ ಮತ್ತೆ ಸೋರಿತು. ಸೀಲೇ ಕಳಪೆ ಅಂದುಕೊಂಡು ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ 350 ಕೊಟ್ಟು ಬೇರೆ ತಂದೆ. ಬಸ್ ಚಾರ್ಜು, ಊಟ, ಒಂದು ದಿನದ ರಜೆ ಬೇರೆ. ಮತ್ತೆ ಕೂಲಿ 1,500, ಮತ್ತೆ ಲೈನರ್. ಅದೂ ಒಂದು ತಿಂಗಳು ಬಾಳಲಿಲ್ಲ.

ಮೂರನೇ ಸಲ ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟ್ ಎಳೆದಾಗ ನಾನೇ ಪಕ್ಕದಲ್ಲಿ ಕೂತೆ. ಹಳೇ ಬನಿಯನ್ನಿನಲ್ಲಿ ಒರೆಸಿ, ಸೀಲಿನ ತುಟಿ ಕೂರುವ ಜಾಗದಲ್ಲಿ ಉಗುರು ಆಡಿಸಿದೆ. ಟಕ್ ಅಂತ ಸಿಕ್ಕಿಕೊಂಡಿತು. ಸುತ್ತಲೂ ಬಳೆ ತೊಟ್ಟ ಹಾಗೆ ಒಂದು ಗೆರೆ. ಇಷ್ಟು ವರ್ಷ ರಬ್ಬರ್ ಅಲ್ಲೇ ಉಜ್ಜಿ ಉಜ್ಜಿ ಉಕ್ಕು ಸವೆದಿತ್ತು. ಆ ಗೆರೆಯಲ್ಲಿ ಎಂಥ ಸೀಲ್ ಕೂರಿಸಿದರೂ ಎಣ್ಣೆ ನುಸುಳುತ್ತದೆ. ಲೇತ್‌ನವರು ಸವೆದ ಜಾಗದ ಮೇಲೆ ತೆಳ್ಳನೆ ಉಕ್ಕಿನ ಬುಷ್ (ಕೊಳವೆ) ಮಾಡಿ ಕೂರಿಸಿದರು, 1,800 ತಗೊಂಡರು. ನಾಲ್ಕು ವರ್ಷ ಆಯಿತು, ಬ್ರೇಕ್ ಡ್ರಮ್ ಒಳಗೆ ಒಣ ಧೂಳು ಬಿಟ್ಟರೆ ಏನೂ ಇಲ್ಲ.

ಹುಬ್ಬಳ್ಳಿ ಅಂಬಾಸಿಡರ್:
ಎಲ್ಲರೂ ಶಾಫ್ಟ್ ಶಾಫ್ಟ್ ಅಂತೀರಿ. ಆಕ್ಸಲ್ ಒಳಗಿನ ಗಾಳಿ ಹೊರಹೋಗುವ ತೂತು, ಆ ಬ್ರೀದರ್ ಯಾರೂ ನೋಡುವುದಿಲ್ಲ. ನನ್ನ ಗಾಡಿ ಊರಲ್ಲಿ ಓಡಾಡಿದರೆ ಒಂದು ಹನಿ ಇಲ್ಲ. ಬೆಳಗಾವಿಗೆ ಹೋಗಿ ಬಂದರೆ ಎರಡೂ ಚಕ್ರ ಒದ್ದೆ. ಎರಡು ಗ್ಯಾರೇಜ್ ತಿರುಗಿ 6,400 ಕಳೆದುಕೊಂಡೆ. ಕಡೆಗೆ ನಾನೇ ಗಾಡಿ ಕೆಳಗೆ ಮಲಗಿ ಆಕ್ಸಲ್ ಹೌಸಿಂಗ್ ಮೇಲೆ ಕೈಯಾಡಿಸಿದೆ. ಬ್ರೀದರ್ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ತುಕ್ಕು ಹಿಡಿಯಬಾರದು ಅಂತ ತಳಕ್ಕೆ ಕರಿ ಕೋಟಿಂಗ್ ಹೊಡೆಸಿದ್ದೆ, ಅದು ಬ್ರೀದರ್ ಬಾಯನ್ನೇ ಮುಚ್ಚಿತ್ತು. ದೂರ ಓಡಿದರೆ ಎಣ್ಣೆ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲದೆ ಸೀಲನ್ನೇ ದಾಟಿಸಿ ಎಣ್ಣೆ ತಳ್ಳುತ್ತದೆ. ತಂತಿ ಹಾಕಿ ಕೆರೆದೆ, ಸೀಮೆಎಣ್ಣೆಯಲ್ಲಿ ತೊಳೆದೆ. ಖರ್ಚು ಸೊನ್ನೆ. ಮೂರು ಸಲ ಸೀಲ್ ಹಾಕಿಸಿದವರು ಒಂದು ಸಲವಾದರೂ ಅದನ್ನು ನೋಡಿದ್ದರಾ?

ತುಮಕೂರು ಫಿಯಟ್:
ನೋಡಿದ್ದೆ ಸ್ವಾಮಿ. ಬ್ರೀದರ್ ಚೊಕ್ಕವಾಗಿತ್ತು. ನಿಮ್ಮದು ಎರಡೂ ಕಡೆ ಸೋರಿತು, ನನ್ನದು ಒಂದೇ ಕಡೆ. ಒತ್ತಡ ಹೆಚ್ಚಾಗಿದ್ದರೆ ನನ್ನ ಬಲಗಡೆ ಯಾಕೆ ಒಣಗಿತ್ತು?

ಹುಬ್ಬಳ್ಳಿ ಅಂಬಾಸಿಡರ್:
ಬಲಗಡೆ ಸೀಲ್ ಚೆನ್ನಾಗಿದ್ದರೆ ಎಡಗಡೆ ಮಾತ್ರ ಸೋರುತ್ತದೆ. ಅಷ್ಟೂ ಗೊತ್ತಿಲ್ಲವಾ? ಆಮೇಲೆ ಜಾಸ್ತಿ ಎಣ್ಣೆ ತುಂಬಿದರೂ ಹೀಗೇ. 90 ನಂಬರ್ ಗೇರ್ ಆಯಿಲ್ ಫಿಲ್ಲರ್ (ಎಣ್ಣೆ ತುಂಬುವ) ತೂತಿನ ಕೆಳ ಅಂಚಿಗೆ ಬಂದರೆ ಸಾಕು. ಸುಮ್ನೆ ಸುರಿಯುತ್ತಾರೆ.

ಉಡುಪಿ ಹಳೇಗಾಡಿ:
ಅದು ಗೇರ್ ಆಯಿಲೋ ಬ್ರೇಕ್ ಆಯಿಲೋ ಅಂತ ಒಬ್ಬರೂ ಕೇಳಲಿಲ್ಲವಲ್ಲ! ನನಗೂ ಸೀಲ್ ಅಂತಲೇ ಹೇಳಿ 2,600 ಬಿಲ್ ಮಾಡಿದರು. ಹೊಸ ಸೀಲ್ ಹಾಕಿ ಹತ್ತು ದಿನಕ್ಕೆ ಆಗುಂಬೆ ಘಾಟಿ ಇಳಿಯುತ್ತಿದ್ದೆ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು ಗಾಡಿಯಲ್ಲಿ. ಹದಿನಾಲ್ಕು ತಿರುವಿನಲ್ಲಿ ಐದನೆಯದಕ್ಕೇ ಪೆಡಲ್ ಮೆತ್ತಗಾಯಿತು. ಒಂದನೇ ಗೇರಿನಲ್ಲಿ, ಗೋಡೆ ಬದಿಗೆ ಒತ್ತಿಕೊಂಡೇ ಇಳಿಸಿದೆ. ಸೋಮೇಶ್ವರದಲ್ಲಿ ನಿಲ್ಲಿಸಿದಾಗ ಕಾಲು ನಡುಗುತ್ತಿತ್ತು. ಡ್ರಮ್ ತೆಗೆದರೆ ಸೋರುತ್ತಿದ್ದದ್ದು ಬ್ರೇಕ್ ಆಯಿಲ್ ಇರುವ ವೀಲ್ ಸಿಲಿಂಡರ್. ಗಾಜಿನ ಲೋಟದ ನೀರಿಗೆ ಎರಡು ಹನಿ ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ, ಗೇರ್ ಆಯಿಲ್ ತೇಲುತ್ತದೆ. ಮೂಸಿದರೂ ಗೊತ್ತಾಗುತ್ತದೆ, ಗೇರ್ ಆಯಿಲಿಗೆ ಗಂಧಕದ ಗಾಟು. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಇಳಿದಿದೆಯಾ ಅಂತಲೂ ನೋಡಿ.

ಶಿವಮೊಗ್ಗ ಮೆಕ್ಯಾನಿಕ್:
ಇಪ್ಪತ್ತೆರಡು ವರ್ಷದಿಂದ ಹಳೇ ಗಾಡಿ ಮಾಡುತ್ತಿದ್ದೇನೆ. ಮೇಸ್ತ್ರಿಗಳಿಗೆ ಬೈಯುವುದು ಸುಲಭ. 500 ರೂಪಾಯಿ ಜಾಸ್ತಿ ಕೇಳಿದರೆ ಬೇರಿಂಗ್ ಬೇಡ, ಸೀಲ್ ಮಾತ್ರ ಹಾಕಿ ಅನ್ನುವವರು ನೀವೇ. ಜಾಕ್ ಹಾಕಿ ಚಕ್ರ ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟ ಇದ್ದರೆ ಬೇರಿಂಗ್ ಹೋಗಿದೆ. ಶಾಫ್ಟ್ ಕುಣಿಯುವಾಗ ಸೀಲ್ ಏನು ಮಾಡಬೇಕು? ಲೈನರೂ ಅಷ್ಟೇ, ಹೊಸದೇ ಬೇಕಿಲ್ಲ. ಪೆಟ್ರೋಲಿನಲ್ಲಿ ತೊಳೆದು ಬೆಂಕಿ ತೋರಿಸಿದರೆ ಆಯಿತು. ನೂರಾರು ಗಾಡಿಗೆ ಮಾಡಿದ್ದೇನೆ.

ಉಡುಪಿ ಹಳೇಗಾಡಿ:
ಬೇರಿಂಗಿನ ಮಾತು ಸರಿ. ಬೆಂಕಿ ಮಾತು ಬೇಡ. ಎಣ್ಣೆ ಲೈನರಿನ ಒಳಕ್ಕೆ ಇಳಿದಿರುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಬ್ರೇಕ್ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಒಂದು ಚಕ್ರ ಹಿಡಿದು ಇನ್ನೊಂದು ಜಾರಿದರೆ ಗಾಡಿ ಎತ್ತ ಎಳೆಯುತ್ತದೆ ಅಂತ ಘಾಟಿಯಲ್ಲಿ ಕೂತು ಹೇಳಿ. ಹಳೇ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದನ್ನು ಸುಡುವುದು, ಧೂಳು ಊದುವುದು ನಿಮಗೂ ಒಳ್ಳೆಯದಲ್ಲ.

ಶಿವಮೊಗ್ಗ ಮೆಕ್ಯಾನಿಕ್:
ಘಾಟಿ ನಮಗೂ ಗೊತ್ತು ಸರ್. ನಮ್ಮಲ್ಲಿಗೆ ಬರುವವರು ಕೂಲಿ ಕೊಡುವುದಕ್ಕೇ ಕಷ್ಟಪಡುತ್ತಾರೆ. ಅವರಿಗೆ ಏನು ಹೇಳಲಿ?

ಉಡುಪಿ ಹಳೇಗಾಡಿ:
900 ರೂಪಾಯಿ ಇಲ್ಲದಿದ್ದರೆ ಗಾಡಿ ಶೆಡ್ಡಿನಲ್ಲೇ ಇರಲಿ ಅಂತ ಹೇಳಿ. ನನ್ನ ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಮೈಸೂರು ಪದ್ಮಿನಿ:
ಲೋಟದ ಪರೀಕ್ಷೆ ಮಾಡಿದೆ. ಹನಿ ತೇಲಿತು, ಗಾಟು ಇದೆ. ಗೇರ್ ಆಯಿಲೇ. ಆದರೆ ಇಳಿಜಾರಿನ ಬಗ್ಗೆ ಯಾರೂ ಹೇಳಲಿಲ್ಲ.

ತುಮಕೂರು ಫಿಯಟ್:
ಇಳಿಜಾರಿಗೆ ಎಣ್ಣೆ ಎಡಕ್ಕೇ ಸೇರುತ್ತದೆ, ನಿಂತೂ ನಿಂತೂ ಸೀಲಿನ ರಬ್ಬರ್ ಮೆತುತನ ಕಳೆದುಕೊಂಡು ಬಿರುಸಾಗಿರುತ್ತದೆ. ಒಂದು ವಾರ ಸಮತಟ್ಟಾದ ಕಡೆ ನಿಲ್ಲಿಸಿ ನೋಡಿ. ಸೀಲ್ ಹಾಕಿಸುವುದಾದರೆ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೇ ಇರಬೇಕು. ಇನ್ನು ಹುಬ್ಬಳ್ಳಿಯವರೇ, ನಾನು ಬ್ರೀದರ್ ನೋಡಲಿಲ್ಲ ಅಂತ ಇನ್ನೂ ಅನುಮಾನ ಇದ್ದರೆ ನಮ್ಮ ಮನೆಗೆ ಬನ್ನಿ. ಬಲಗಡೆ ಶಾಫ್ಟ್ ಈಗ ಹೊರಗೇ ಇದೆ, ಅದರಲ್ಲೂ ಗೆರೆ ಶುರುವಾಗಿದೆ. ನೀವೇ ಉಗುರು ಆಡಿಸಿ ನೋಡಿ.